ಎರಡು ಪದರದ ಕಾಲುಚೀಲ

ಜೂನ್ ೬

ಅಕ್ಕನಿಗೆ,

ಸಂಜೆ ಆರೂವರೆ. ಇವತ್ತು ಲಾಂಡ್ರಿಗೆ ಎರಡು ಹೋಟೆಲುಗಳ ಚಾದರ ಒಟ್ಟಿಗೇ ಬಂದವು. ಮಧ್ಯಾಹ್ನ ದೊಡ್ಡ ಮೆಷಿನ್ನಿನ ಬೆಲ್ಟು ಹರಿಯಿತು. ಉಳಿದದ್ದನ್ನೆಲ್ಲ ಕೈಯಲ್ಲೇ ಇಸ್ತ್ರಿ ಮಾಡಿ ಮಡಚಿದೆವು. ಮನೆಗೆ ಬಂದು ಬಾಗಿಲು ತೆಗೆದವಳು ಅಭ್ಯಾಸಬಲದಿಂದ "ಬಂದೆ" ಅಂದೆ. ಯಾರಿಗೆ ಅಂದೆನೋ. ಆಮೇಲೆ ಟೀ ಮಾಡಿಕೊಂಡು ಇದನ್ನು ಬರೆಯಲು ಕೂತೆ.

ಅಮ್ಮ ಹೋಗಿ ಈ ತಿಂಗಳ ಕೊನೆಗೆ ಒಂದು ವರ್ಷ. ನೀನು ನನ್ನ ಹತ್ತಿರ ಮಾತು ಬಿಟ್ಟೂ ಅಷ್ಟೇ ಆಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಕಾಗದವನ್ನಾದರೂ ಒಡೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ನಾನಾಗಿ ಬರೆಯಬಾರದು ಎಂದೇ ಇದ್ದೆ. ಆದರೆ ಮೊನ್ನೆ ಭಾವ ಬರೆದಿದ್ದಾರೆ. ನಿನ್ನ ಎರಡೂ ಮಂಡಿ ಊದಿವೆಯಂತೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಕೀಲು ಸವೆದಿದೆ, ಸಂಧಿವಾತ, ದಿನವೂ ವ್ಯಾಯಾಮ ಮಾಡಬೇಕು ಎಂದು ಚೀಟಿ ಬರೆದುಕೊಟ್ಟರಂತೆ. ಆ ಚೀಟಿಯನ್ನು ನೀನು ಮಡಚಿ ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಟ್ಟೆಯಂತೆ. "ಮೇಜು ಈಗ ಚೆನ್ನಾಗಿ ನಿಂತಿದೆ, ನಿಮ್ಮಕ್ಕ ನಿಲ್ಲುತ್ತಿಲ್ಲ" ಎಂದು ಭಾವ ಬರೆದಿದ್ದಾರೆ.

ಯಾಕೆ ಇಟ್ಟೆ ಎಂದು ನನಗೆ ಗೊತ್ತು. ಅಮ್ಮನನ್ನು ಕಳಿಸಿಕೊಟ್ಟು ಬಂದ ದಿನ, ಅಷ್ಟು ಜನರ ಮುಂದೆ, "ನೀನೇ ಕುಣಿಸಿ ಕುಣಿಸಿ ಅಮ್ಮನನ್ನ ಕೊಂದೆ" ಅಂದೆಯಲ್ಲ. ಆ ಮಾತನ್ನು ನಾನು ಮಡಚಿ ಇಟ್ಟುಕೊಂಡಿದ್ದೇನೆ. ಮಡಚುವುದೇ ನನ್ನ ಕೆಲಸ. ಒಂದು ಸುಕ್ಕೂ ಬಿದ್ದಿಲ್ಲ.

ಅದು ಹಾಗಿರಲಿ. ಅಮ್ಮನಿಗೆ ಆಸ್ಪತ್ರೆಯ ವ್ಯಾಯಾಮದ ಮೇಡಂ ಹೇಳಿಕೊಟ್ಟದ್ದನ್ನು ಬರೆಯುತ್ತೇನೆ. ಮಾಡುವುದು ಬಿಡುವುದು ನಿನ್ನಿಷ್ಟ. ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುತ್ತದೆ, ಆಗಲೇ ಶುರು ಮಾಡಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಸ್ವಲ್ಪ ಹೊತ್ತು ಮಂಡಿಗೆ ಸುತ್ತು. ಆಮೇಲೆ ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಬಟ್ಟೆ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತು. ಸ್ವಲ್ಪ ಹಿಡಿದು ಬಿಡು. ಉಸಿರು ಕಟ್ಟಬೇಡ. ಅದು ರೂಢಿಯಾದ ಮೇಲೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ಮುಂದಕ್ಕೆ ನೀಡು. ಮೊದಲ ವಾರಕ್ಕೆ ಅಷ್ಟೇ ಸಾಕು. ಚಳಕ್ ಅಂತ ನೋವು ಬಂದರೆ ಅಲ್ಲಿಗೇ ನಿಲ್ಲಿಸು. ಸಣ್ಣಗೆ ಎಳೆದ ಹಾಗೆ ಆದರೆ ಪರವಾಗಿಲ್ಲ.

ಇದನ್ನೂ ಯಾವುದಾದರೂ ಮೇಜಿನ ಕೆಳಗೆ ಇಡುವುದಾದರೆ ಓದಿಯಾದ ಮೇಲೆ ಇಡು.

ನಿನ್ನ ತಂಗಿ


ಜೂನ್ ೧೯

ಮೊದಲಿನ ಹಾಗೆ ಗುಬ್ಬಿ ಅಂತ ಬರೆಯೋಕೆ ಕೈ ಏಳಲಿಲ್ಲ, ಅದಕ್ಕೇ ಹೀಗೇ ಶುರು ಮಾಡಿದ್ದೀನಿ.

ನಿನ್ನ ಕಾಗದ ಬಂತು. ಓದಿದೆ. ನಿಮ್ಮ ಭಾವ ಎದುರಿಗೇ ಕೂತು, ಯಾರದೋ ಕೈಗಡಿಯಾರ ಬಿಚ್ಚಿಕೊಂಡು, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಲ್ಲಿ ನನ್ನ ಮುಖ ನೋಡ್ತಿದ್ದರು. ನನ್ನ ಮಂಡಿ ವಿಷಯ ಊರಿಗೆಲ್ಲ ಟಪಾಲು ಹಾಕೋ ಕೆಲಸ ಅವರಿಗೆ ಯಾರು ಕೊಟ್ಟರೋ.

ಒಂದು ಮಾತು ಕೇಳ್ತೀನಿ. ಇಪ್ಪತ್ತು ವರ್ಷದ ಮೇಲಾಯ್ತು ನಾನು ಕಾಲುಚೀಲದ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡ್ತಾ. ಅಲ್ಲಿ ಒಂದು ಬೇರಿಂಗ್ ಸವೆಯಿತು ಅಂದರೆ ಮೆಷಿನ್ ನಿಲ್ಲಿಸ್ತಾರೆ. "ಸವೆದಿದೆ, ಇನ್ನೂ ಓಡಿಸಿ" ಅಂತ ಯಾವ ಮೆಕ್ಯಾನಿಕ್ಕೂ ಹೇಳಿದ್ದು ಕಾಣೆ. ನಿಮ್ಮ ಡಾಕ್ಟರು ಮೇಡಮ್ಮುಗಳು ಮಾತ್ರ ಹೇಳ್ತಾರೆ.

ಅಮ್ಮ ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದರೆ ಇವತ್ತು ಇರ್ತಿದ್ದಳು. ನೋವು ತಿಂದುಕೊಂಡಾದರೂ ಇರ್ತಿದ್ದಳು. ನೀನು ಎಬ್ಬಿಸಿದೆ, ಕೂರಿಸಿದೆ, ಮತ್ತೆ ಎಬ್ಬಿಸಿದೆ. ಕುರ್ಚಿ ಮುಂದೆ ಬಿದ್ದು ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು, ಎದೆಯಲ್ಲಿ ಕಫ ಕಟ್ಟಿತು, ಮುಗೀತು. ನಾನು ಆ ಭಾನುವಾರ ಬರೋಳಿದ್ದೆ. ರಜೆ ಹಾಕಿ ಟಿಕೆಟ್ಟೂ ತೆಗೆದಿದ್ದೆ. ನಾಲ್ಕು ದಿನ ಮುಂಚೆ ಬೀಳಿಸಿಬಿಟ್ಟೆ ನೀನು. ಬಂದಾಗ ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿದ್ದಳು. ನನ್ನ ಗುರುತು ಹಿಡಿದಳೋ ಇಲ್ಲವೋ, ಇವತ್ತಿಗೂ ಗೊತ್ತಾಗಲಿಲ್ಲ.

ಈಗ ನನ್ನ ಸರದೀನಾ?

ನಾನು ಕೂತಿರ್ತೀನಿ. ಕೂತರೆ ನೋಯಲ್ಲ.

ಅಕ್ಕ


ಜುಲೈ ೨

ಅಕ್ಕನಿಗೆ,

ರಾತ್ರಿ ಊಟ ಮುಗಿದಿದೆ. ಇವತ್ತು ರಜೆ ಇತ್ತು. ಅಮ್ಮನ ಕಪಾಟನ್ನು ಒರೆಸೋಣ ಎಂದು ತೆಗೆದು, ಹಾಗೇ ಮುಚ್ಚಿದೆ. ಮಿಕ್ಕ ಹೊತ್ತೆಲ್ಲ ಕಿಟಕಿಯ ಹತ್ತಿರ ಕಳೆಯಿತು.

ಬೇರಿಂಗಿನ ಮಾತನ್ನು ಅಮ್ಮನೂ ಆಡಿದ್ದಳು, ಬೇರೆ ಥರ. "ಹಳೇ ಬಾಗಿಲು ಮೇಡಂ, ಜಾಸ್ತಿ ತೆಗೆದು ಹಾಕಿ ಮಾಡಿದರೆ ಕಿತ್ತು ಬರುತ್ತೆ" ಅಂದಿದ್ದಳು. ಮೇಡಂ ನಕ್ಕು, "ಬಾಗಿಲಿಗೆ ಮಾಂಸಖಂಡ ಇರಲ್ಲಮ್ಮ, ನಿಮಗಿದೆ" ಅಂದರು. ಸವೆದದ್ದು ಕೀಲು. ಅದನ್ನು ಸುತ್ತ ಹಿಡಿದುಕೊಂಡಿರುವ ಮಾಂಸಖಂಡ ಗಟ್ಟಿಯಾದರೆ ಕೀಲಿನ ಮೇಲೆ ಭಾರ ಕಡಿಮೆ. ಸುಮ್ಮನೆ ಕೂತರೆ ಅದೂ ಸೊರಗುತ್ತದೆ, ಆಮೇಲೆ ಕೀಲು ಒಂಟಿಯಾಗಿ ಹೊರಬೇಕು. ನನಗೆ ಅರ್ಥವಾದದ್ದು ಇಷ್ಟು. ಕೂತರೆ ನೋಯುವುದಿಲ್ಲ ಎಂದು ಬರೆದಿದ್ದೀಯ. ಅಮ್ಮನಿಗೂ ನೋಯುತ್ತಿರಲಿಲ್ಲ, ಏಳುವವರೆಗೆ.

ನೀನು ನೋಡಿದ ಅಮ್ಮ ಎಂದರೆ ಒಂದೋ ಫೋನಿನಲ್ಲಿ "ಚೆನ್ನಾಗಿದೀನಿ ಕಣೆ" ಅನ್ನುವವಳು, ಇಲ್ಲವೇ ಕೊಳವೆ ಹಾಕಿಕೊಂಡವಳು. ನಡುವಿನದ್ದು ನಿನಗೆ ಗೊತ್ತಿಲ್ಲ. ಬಚ್ಚಲಿಗೆ ಹೋಗಲು ನನ್ನನ್ನು ಕಾಯುತ್ತಿದ್ದಳು. ನಾನು ಲಾಂಡ್ರಿಯಿಂದ ಬರುವವರೆಗೆ ನೀರು ಕುಡಿಯುತ್ತಿರಲಿಲ್ಲ, ಕುಡಿದರೆ ಏಳಬೇಕಲ್ಲ ಎಂದು. ಅದನ್ನು ನಿನಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವಳಿಗೆ ಅದೊಂದು ಚಟ. ಒಬ್ಬಳ ವಿಷಯವನ್ನು ಇನ್ನೊಬ್ಬಳಿಂದ ಮುಚ್ಚಿಡುವುದು.

ವ್ಯಾಯಾಮ ಶುರುವಾಗಿ ಎರಡು ತಿಂಗಳಿಗೆ ತಾನೇ ಎದ್ದು ಬಚ್ಚಲಿಗೆ ಹೋದಳು. ಗೋಡೆ ಹಿಡಿದುಕೊಂಡು. ಹೊರಗೆ ಬಂದು, "ಏನೇ, ಇವತ್ತು ಪಟಾಕಿ ಹೊಡೆಯಲ್ವೇನೇ?" ಅಂದಳು. ಆಮೇಲೆ ಬೀದಿಯ ಮೂಲೆಯ ಅಂಗಡಿಗೆ ಕೋಲು ಹಿಡಿದು ಹೋಗಿ ಸೋಪು ತಂದಳು. ಮನೆಯಲ್ಲಿ ಸೋಪು ಇತ್ತು. ಮಾರನೆಯ ದಿನ ಮತ್ತೊಂದು ಸೋಪು ತಂದಳು. ಆ ಸೋಪುಗಳಲ್ಲಿ ಇನ್ನೂ ಒಂದು ಉಳಿದಿದೆ. ನಾನು ಅದರ ಕಾಗದ ಬಿಚ್ಚಿಲ್ಲ.

ಮೇಡಮ್ಮಿಗೆ ಅಮ್ಮ ಇಟ್ಟ ಹೆಸರು ಡ್ರಿಲ್ ಮೇಡಂ. "ಏನು ಡ್ರಿಲ್ ಮೇಡಂ, ಈ ವಯಸ್ಸಲ್ಲಿ ನನ್ನನ್ನ ಪೊಲೀಸಿಗೆ ಸೇರಿಸ್ತೀರಾ?" "ಸೇರಿಸೋಣಮ್ಮ, ಮೊದಲು ಕುರ್ಚಿಯಿಂದ ಎದ್ದು ಸೆಲ್ಯೂಟ್ ಹೊಡೀರಿ." ಕೈ ಊರದೆ ಕುರ್ಚಿಯಿಂದ ಏಳುವುದು ಎಲ್ಲಕ್ಕಿಂತ ಕೊನೆಯ ಪಾಠ. ಅದನ್ನು ಮಾತ್ರ ಒಬ್ಬರು ಪಕ್ಕದಲ್ಲಿ ಇದ್ದಾಗಲೇ ಮಾಡಬೇಕು, ಕುರ್ಚಿ ಗೋಡೆಗೆ ಒರಗಿರಬೇಕು ಎಂದು ಮೇಡಂ ಪ್ರತಿ ಸಲ ಹೇಳುತ್ತಿದ್ದರು.

ಆ ಬೆಳಿಗ್ಗೆ ನಾನು ಪಕ್ಕದಲ್ಲಿರಲಿಲ್ಲ. ಅಷ್ಟು ನಿನಗೆ ಗೊತ್ತಿದೆ. ಅಷ್ಟೇ ಇರಲಿ.

ನೀನು ಏಳು, ಅಕ್ಕ. ನನ್ನ ಮೇಲಿನ ಹಟಕ್ಕೆ ನಿನ್ನ ಕಾಲನ್ನು ಕೊಡಬೇಡ. ಅದಕ್ಕೆ ಬೇರೆ ಏನಾದರೂ ಹುಡುಕು.

ತಂಗಿ


ಜುಲೈ ೨೮

ಪ್ರೀತಿಯ ಗುಬ್ಬಿಗೆ,

ಅಂಗಡಿಯಲ್ಲಿ ಕೂತು ಬರೀತಿದ್ದೀನಮ್ಮ. ಮನೆಯಲ್ಲಿ ಬರೆದರೆ ನಿಮ್ಮಕ್ಕ ಪೆನ್ನಿನ ಸದ್ದಿನಲ್ಲೇ ಯಾರಿಗೆ ಅಂತ ಕಂಡುಹಿಡೀತಾಳೆ.

ಮೊದಲು ಕಹಿ ಸುದ್ದಿ. ಕಾರ್ಖಾನೆಯ ಸೂಪರ್‌ವೈಸರ್ ಮನೆಗೇ ಬಂದಿದ್ದ. ಒಳ್ಳೆಯವನೇ, ತಲೆ ಬಗ್ಗಿಸಿಕೊಂಡೇ ಮಾತಾಡಿದ. ಕಾಲುಚೀಲದ ಬೆರಳತುದಿ ಮುಚ್ಚುವ ಮೆಷಿನ್ ನಿಂತೇ ನಡೆಸಬೇಕು, ಕೂತು ಆಗೋ ಕೆಲಸ ಅಲ್ಲ, ಸೆಪ್ಟೆಂಬರ್ ಕಳೆಯೋದರೊಳಗೆ ಅಮ್ಮಾವರು ಬಂದು ನಿಂತರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಅಂದ. ನಿಮ್ಮಕ್ಕ ಅವನಿಗೆ ಟೀ ಕೊಟ್ಟಳು. ಅವನು ಹೋದ ಮೇಲೆ ಲೋಟ ತೊಳೆದಿದ್ದೂ ತೊಳೆದಿದ್ದೇ. ಆ ಮೆಷಿನ್ ಮುಂದೆ ನಿಂತಾಗ ಮಾತ್ರ ಅವಳು ಅವಳಾಗಿರ್ತಾಳೆ. ನಿನಗೆ ಗೊತ್ತಲ್ಲ.

ಈಗ ಒಳ್ಳೆಯದು. ಮೊನ್ನೆ ಬೆಳಿಗ್ಗೆ ಹಲ್ಲುಜ್ಜೋವಾಗ ಒಳಕೋಣೆಯಲ್ಲಿ ಕುರ್ಚಿ ಕಿರ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್. ಬಾಗಿಲ ಸಂದಿಯಿಂದ ನೋಡಿದೆ. ನಿಮ್ಮಕ್ಕ! ಕುರ್ಚಿಯಿಂದ ಏಳೋದು, ಕೂರೋದು. ಹಲ್ಲು ಕಚ್ಚಿಕೊಂಡು, ಯಾರ ಮೇಲೋ ಜಿದ್ದಿಗೆ ಬಿದ್ದ ಹಾಗೆ. ನಿನ್ನ ಕಾಗದ ದಿಂಬಿನ ಕೆಳಗಿದೆ, ಅದನ್ನೂ ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ನಿಲ್ಲಿಸಿಬಿಡ್ತಾಳೆ. ನಾನು ನಿಂತ ಗಡಿಯಾರಕ್ಕೆ ಎಣ್ಣೆ ಬಿಡೋನು. ಈ ಗಡಿಯಾರ ತಾನಾಗಿ ಟಿಕ್ ಅಂತಿದೆ, ನಾನು ಮುಟ್ಟಲ್ಲಪ್ಪ.

ಇನ್ನೂ ಒಂದು ಸಂತೋಷ. ವರ್ಷದಿಂದ ಹೆಣಿಗೆ ಕಡ್ಡಿ ಮುಟ್ಟದವಳು ಈಗ ಹೆಣೀತಿದ್ದಾಳೆ. ಕಾಲು ತಣ್ಣಗಾಗುತ್ತೆ ಅಂತ ತನಗೇ ಒಂದು ಜೊತೆ ಉಲ್ಲನ್ ಕಾಲುಚೀಲ ಮಾಡಿಕೊಂಡಳು. ಅಮ್ಮನಿಗೆ ಕಳಿಸಿದ್ದಳಲ್ಲ, ಅದೇ ಥರ, ಅಂಗಾಲಿಗೆ ಎರಡು ಪದರ. ಅದನ್ನ ಹಾಕಿಕೊಂಡೇ ಬೆಳಗಿನ ಕಸರತ್ತು. ನೆಲ ಹೊಸ ಟೈಲ್ಸು, ಐಸ್ ಥರ ಕೊರೆಯುತ್ತೆ. ಒಂದೆರಡು ಸಲ ಕಾಲು ಸ್ವಲ್ಪ ಆಚೀಚೆ ಆಯ್ತು, ಕುರ್ಚಿ ಕೈ ಹಿಡಿದುಕೊಂಡಳು. ಗಟ್ಟಿಗಿತ್ತಿ.

ನೀನು ಬರೆದದ್ದು ಕೆಲಸ ಮಾಡಿತು ಕಣಮ್ಮ. ಅಷ್ಟು ತಿಳಿಸೋಣ ಅಂತ.

ನಿನ್ನ ಭಾವ


ಆಗಸ್ಟ್ ೧

ಅಕ್ಕ,

ಬೆಳಿಗ್ಗೆ ಎಂಟು ಗಂಟೆ, ಲಾಂಡ್ರಿಯಲ್ಲಿ ಲೆಕ್ಕ ಬರೆಯುವ ಹಾಳೆಯ ಮೇಲೇ ಬರೆಯುತ್ತಿದ್ದೇನೆ. ಭಾವನ ಕಾಗದ ನಿನ್ನೆ ಸಂಜೆ ಬಂತು. ಅವರನ್ನು ಬೈಯಬೇಡ.

ಕಾಲುಚೀಲ ಹಾಕಿಕೊಂಡು ಕುರ್ಚಿಯಿಂದ ಏಳಬೇಡ. ಬರಿಗಾಲಲ್ಲಿ ಮಾಡು. ನೆಲ ತಣ್ಣಗಿದ್ದರೆ ರಬ್ಬರ್ ತಳದ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೋ. ಕುರ್ಚಿಯನ್ನು ಗೋಡೆಗೆ ಒರಗಿಸು. ಭಾವನನ್ನು ಪಕ್ಕದಲ್ಲಿ ನಿಲ್ಲಿಸಿಕೋ, ಅವರು ಹೇಗೂ ಸಂದಿಯಲ್ಲಿ ನಿಂತಿರುತ್ತಾರೆ. ಮತ್ತೆ, ಏಳುವುದರಿಂದ ಶುರು ಮಾಡು ಎಂದು ನಾನು ಎಲ್ಲಿ ಬರೆದಿದ್ದೆ? ಅದು ಕೊನೆಯದು. ನೀನು ಮೊದಲಿನದನ್ನೆಲ್ಲ ಬಿಟ್ಟು ಅದನ್ನೇ ಹಿಡಿದಿದ್ದೀಯ. ಹಲ್ಲು ಕಚ್ಚಿ ಮಾಡುವಂಥದ್ದಲ್ಲ ಇದು. ಮಾಡಿ ಎರಡು ಗಂಟೆ ಕಳೆದರೂ ನೋವು ಇಳಿಯದಿದ್ದರೆ ಮಾಡಿದ್ದು ಹೆಚ್ಚಾಯಿತು ಎಂದು ಅರ್ಥ, ಮಾರನೆಯ ದಿನ ಕಡಿಮೆ ಮಾಡಬೇಕು. ಮಂಡಿ ಕೆಂಪಗೆ ಬಿಸಿಯಾಗಿ ಊದಿದ ದಿನ ಏಳುವುದೇ ಬೇಡ, ಮೆಲ್ಲಗೆ ಮಡಿಸಿ ಚಾಚಿದರೆ ಸಾಕು.

ಎಲ್ಲ ಬಿಡು. ಕಾಲುಚೀಲವನ್ನು ಮಾತ್ರ ತೆಗೆದಿಡು. ನಿನ್ನೆಯೇ ಭಾವನ ಅಂಗಡಿಗೆ ಫೋನ್ ಮಾಡಿ ಹೇಳಿದೆ. "ನಾನು ತೆಗಿ ಅಂದರೆ ಅದರ ಮೇಲೆ ಇನ್ನೊಂದು ಜೊತೆ ಹಾಕ್ಕೋತಾಳಮ್ಮ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ತಂಗಿ


ಆಗಸ್ಟ್ ೯

ತಂಗಿಗೆ,

ಮನೆಯಲ್ಲಿ ಒಬ್ಬರು ಬಾಗಿಲ ಸಂದಿಯಲ್ಲಿ, ಊರಾಚೆ ಒಬ್ಬಳು ಟಪಾಲಿನಲ್ಲಿ. ನನ್ನ ಕಾಲಿಗೆ ಎಷ್ಟು ಜನ ಕಾವಲು!

ಹೌದು, ಮಾಡ್ತಿದ್ದೀನಿ. ನಿನ್ನ ಮಾತಿಗಲ್ಲ. ಸೂಪರ್‌ವೈಸರ್ ಬಂದು ಹೋದದ್ದಕ್ಕೆ. ನನ್ನ ಮೆಷಿನ್ ಮುಂದೆ ಇನ್ನೊಬ್ಬಳು ನಿಲ್ಲೋದನ್ನ ನಾನು ನೋಡಲ್ಲ.

ಕಾಲುಚೀಲ ತೆಗೆಯಲ್ಲ. ನನಗೆ ಗೊತ್ತು ನಿನಗೆ ಯಾಕೆ ಕಣ್ಣು ಅದರ ಮೇಲೆ ಅಂತ. ಅಮ್ಮನನ್ನ ಇಟ್ಟುಕೊಂಡವಳು ನೀನು, ತೊಳೆದವಳು ಬಳಿದವಳು ನೀನು, ಊರೆಲ್ಲ ಹೊಗಳಿದ್ದು ನಿನ್ನನ್ನ. ನಾನು ದೂರದಲ್ಲಿ ಇದ್ದವಳು. ನನ್ನದು ಅಂತ ಅಮ್ಮನ ಮೈಮೇಲೆ ಇದ್ದದ್ದು ಆ ಎರಡು ಜೊತೆ ಕಾಲುಚೀಲ ಅಷ್ಟೇ. "ಕಲ್ಲುನೆಲ ಕಣೆ, ಅಂಗಾಲು ಕೊರೆಯುತ್ತೆ" ಅಂದಳು ಅಂತ ಎರಡೆರಡು ಪದರ ಹಾಕಿ ಹೆಣೆದೆ. ಕಾರ್ಖಾನೆಯಲ್ಲಿ ಯಾರೂ ಹಾಗೆ ಮಾಡಲ್ಲ, ನನ್ನ ಕೈಗೆ ಮಾತ್ರ ಬರೋದು. "ಕಾಲಿಂದ ತೆಗೆಯೋದೇ ಇಲ್ಲ ಕಣೆ, ನೀನೇ ಕಾಲು ಹಿಡಿದುಕೊಂಡು ಕೂತ ಹಾಗಿರುತ್ತೆ" ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಳು. ನನ್ನ ಹತ್ತಿರ ಉಳಿದಿರೋ ಅವಳ ಮಾತು ಅದೊಂದೇ.

ಅದನ್ನೂ ತೆಗಿ ಅಂತೀಯ. ಯಾಕೆ ಅಂತ ಒಂದು ಸರಿಯಾದ ಕಾರಣ ಹೇಳು. ಹೇಳು ನೋಡೋಣ.

ಅಕ್ಕ


ಆಗಸ್ಟ್ ೧೪

ಅಕ್ಕ,

ಸಂಜೆ ಏಳು. ಕೆಲಸಕ್ಕೆ ಹೋಗಲಿಲ್ಲ ಇವತ್ತು. ನಿನ್ನ ಕಾಗದ ಬೆಳಿಗ್ಗೆ ಬಂತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಕಾರಣ ಕೇಳಿದ್ದೀಯ.

ಮೇಡಂ ಮೊದಲ ದಿನವೇ ನಿನ್ನ ಕಾಲುಚೀಲವನ್ನು ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿ ಹೆಣೆದಿದ್ದಾರೆ. ಆದರೆ ಇದು ಮಲಗುವಾಗ ಮಾತ್ರ" ಅಂದರು. ದಪ್ಪಗಿದ್ದರೆ ಪಾದಕ್ಕೆ ನೆಲ ತಿಳಿಯುವುದಿಲ್ಲ, ನುಣುಪು ನೆಲದಲ್ಲಿ ಜಾರುತ್ತದೆ ಎಂದರು. ದಿನವೂ ನಾನು ಅದನ್ನು ಬಿಚ್ಚಿಯೇ ಅಮ್ಮನನ್ನು ಎಬ್ಬಿಸುತ್ತಿದ್ದೆ. ದಿನವೂ ಅಮ್ಮ ಗೊಣಗುತ್ತಿದ್ದಳು.

ನೀನು ಬರುತ್ತೀಯ ಎಂದು ಗೊತ್ತಾದ ಮೇಲೆ ಅಮ್ಮನಿಗೆ ಒಂದೇ ಧ್ಯಾನ. "ಭಾನುವಾರ ಅವಳು ಬಾಗಿಲು ತಟ್ಟಿದರೆ ನೀನು ಏಳಬೇಡ. ನಾನೇ ಎದ್ದು ಹೋಗಿ ತೆಗೀತೀನಿ. ಅವಳು ಕೊಟ್ಟ ಕಾಲುಚೀಲ ಹಾಕ್ಕೊಂಡು. ಮುಖ ನೋಡಬೇಕು ಅವಳದ್ದು!" ಬೇಡಮ್ಮ ಅಂದೆ. ಕಾಲುಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರೆ ಆಗದೇ ಅಂದೆ. "ಮಗು ಥರ ತೊಡೆಮೇಲೆ ಇಟ್ಕೊಳ್ಳೋಕೆ ಹೆಣೆದು ಕಳಿಸಿದ್ದಾಳಾ?" ಅಂದಳು.

ಬುಧವಾರ ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದೆ. ವಾಪಸು ಬಂದಾಗ ನೆಲದ ಮೇಲಿದ್ದಳು. ಕುರ್ಚಿ ಗೋಡೆಗೆ ಒರಗಿಕೊಂಡೇ ಇತ್ತು, ಹೇಳಿಕೊಟ್ಟ ಹಾಗೆ. ಎರಡೂ ಕಾಲಲ್ಲಿ ನಿನ್ನ ಕಾಲುಚೀಲ. ಒಂದರ ಹಿಮ್ಮಡಿ ಪಾದದ ಮೇಲಕ್ಕೆ ತಿರುಗಿಕೊಂಡಿತ್ತು.

ಆಂಬುಲೆನ್ಸಿನಲ್ಲಿ ಅಳಲಿಲ್ಲ ಅವಳು. "ನಿಂತೆ ಕಣೇ. ಕೈ ಊರದೆ ನಿಂತೆ. ಆಮೇಲೆ ಜಾರಿತು" ಅಂದಳು. ಆಸ್ಪತ್ರೆಯ ಬಾಗಿಲು ಬರುವಾಗ ನನ್ನ ಕೈ ಹಿಡಿದು, "ದೊಡ್ಡವಳ ಹತ್ತಿರ ಕಾಲುಚೀಲದ ಮಾತು ಎತ್ತಬೇಡ. ಎತ್ತಿದರೆ ಅವಳು ಇನ್ನು ಕಡ್ಡಿ ಮುಟ್ಟಲ್ಲ" ಅಂದಳು. ಹೂಂ ಅಂದೆ.

ಆ ಒಂದು ಹೂಂಗಾಗಿ ನೀನು ಅಷ್ಟು ಜನರ ಮುಂದೆ ಕುಣಿಸಿ ಕೊಂದೆ ಅಂದಾಗ ಸುಮ್ಮನೆ ನಿಂತಿದ್ದೆ. ಚಿಕ್ಕಪ್ಪ ತಲೆ ತಗ್ಗಿಸಿದ. ಪಕ್ಕದ ಮನೆಯಾಕೆ ಆಮೇಲೆ ನಾಲ್ಕು ತಿಂಗಳು ನನ್ನ ಮುಖ ನೋಡಲಿಲ್ಲ. ಲಾಂಡ್ರಿಯಲ್ಲಿ ಕೆಲವರು "ಪಾಪ, ಗೊತ್ತಿಲ್ಲದೆ ಮಾಡಿದ್ದು" ಎಂದು ಕ್ಷಮಿಸಿದರು. ಕ್ಷಮಿಸಿದವರನ್ನು ನೋಡಿದರೆ ಹೆಚ್ಚು ಸಿಟ್ಟು ಬರುತ್ತಿತ್ತು.

ಅಮ್ಮ ಸತ್ತದ್ದು ವ್ಯಾಯಾಮದಿಂದಲ್ಲ. ನಿನ್ನಿಂದ ಎಂದೂ ನಾನು ಬರೆಯುವುದಿಲ್ಲ. ನಿನಗೆ ಬರೆಯಲು ಬಂದಷ್ಟು ಸುಲಭವಾಗಿ ನನಗೆ ಬರುವುದಿಲ್ಲ. ನಿನ್ನ ಟೈಲ್ಸು ನಮ್ಮ ಕಲ್ಲುನೆಲಕ್ಕಿಂತ ನುಣುಪು, ಅಷ್ಟೇ. ಭಾವ ನನ್ನ ಹಾಗೆ ಹಾಲಿಗೆ ಹೋದ ಹೊತ್ತು ನೋಡಿ ನೀನೂ ಏಳಬಹುದು. ಅಮ್ಮನ ಮಗಳು ನೀನು.

ಹೇಳಿದ ಮೇಲೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅಮ್ಮನಿಗೆ ಕೊಟ್ಟ ಮಾತೂ ಹೋಯಿತು ಈಗ.

ಕಾಲುಚೀಲ ತೆಗಿ.

ತಂಗಿ


ಅಕ್ಟೋಬರ್ ೧೮

ಗುಬ್ಬಿ,

ಎರಡು ತಿಂಗಳಾಯ್ತು, ಗೊತ್ತು. ನಿಮ್ಮ ಭಾವ ನಿನಗೆ ಏನು ಬರೆದಿದ್ದರೋ ಏನೋ. ಬರೆಯಬೇಡಿ ಅಂದಿದ್ದೆ. ಈ ಸಲವಾದರೂ ಕೇಳಿರಬಹುದು.

ನಿನ್ನ ಕಾಗದ ಓದಿದ ದಿನ ಯಾಕೆ ಹೇಳಿದಳು ಅಂತ ಸಿಟ್ಟು ಬಂತು. ಒಂದು ವಾರ ಹಾಗೇ ಇದ್ದೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಸಿಟ್ಟು ಬಂತು. ಅದು ಇನ್ನೂ ಇದೆ. ಅವತ್ತೇ, ನಾನು ಬಾಯಿ ಬಿಟ್ಟ ಕ್ಷಣವೇ, ನನ್ನ ಕೆನ್ನೆಗೆ ಹೊಡೆದು ಹೇಳಬಹುದಿತ್ತಲ್ಲ ನೀನು. ನೀನು ತೆಪ್ಪಗೆ ನಿಂತಿದ್ದೆ. ನಾನು ಹೇಳಿದ್ದೇ ನಿಜ ಅಂತ ವರ್ಷಪೂರ್ತಿ ಅನ್ನವೂ ಸೇರಿತು, ನಿದ್ದೆಯೂ ಬಂತು. ಈಗ ಎರಡೂ ಇಲ್ಲ.

ಅವತ್ತು ಆಡಿದ ಮಾತನ್ನ ವಾಪಸ್ ತಗೋ ಅಂತ ನೀನು ಕೇಳಿಲ್ಲ. ಕೇಳಿದರೂ ಆಗಲ್ಲ ಗುಬ್ಬಿ. ನಿನ್ನ ಮೇಲಿಂದ ತೆಗೆದರೆ ಎಲ್ಲಿ ಇಡಲಿ ಅದನ್ನ? ನನ್ನ ಮೇಲೇ ಇಟ್ಟುಕೊಳ್ಳಬೇಕು. ಅಷ್ಟು ಗಟ್ಟಿ ನನ್ನ ಮಂಡಿಯೂ ಇಲ್ಲ, ನಾನೂ ಇಲ್ಲ. ಇನ್ನೂ ಸ್ವಲ್ಪ ದಿನ ನಿನ್ನ ಹತ್ತಿರವೇ ಇರಲಿ. ನೀನು ಮಡಚಿ ಇಟ್ಟುಕೊಂಡಿದ್ದೀಯಲ್ಲ.

ಕಾಲುಚೀಲ ಬಿಚ್ಚಿದೆ. ನಿನ್ನ ಕಾಗದದ ದಿನವೇ. ಬರಿಗಾಲಲ್ಲಿ ಮಾಡ್ತಿದ್ದೀನಿ, ಮೊದಲಿಂದ, ನೀನು ಬರೆದ ಹಾಗೇ, ಟವೆಲು, ಬಟ್ಟೆಸುರುಳಿ, ಎಲ್ಲ. ಕುರ್ಚಿ ಗೋಡೆಗಿದೆ. ನಿಮ್ಮ ಭಾವ ಪಕ್ಕದಲ್ಲಿ ನಿಂತು "ಏಳಿ ಅಮ್ಮಾವರೇ, ಕೂರಿ ಅಮ್ಮಾವರೇ" ಅಂತ ಬಸ್ ಕಂಡಕ್ಟರ್ ಥರ ಕೂಗ್ತಾರೆ. ಬೈದರೂ ನಿಲ್ಲಿಸಲ್ಲ. ಸೆಪ್ಟೆಂಬರ್ ಕೊನೆಯ ವಾರ ಕಾರ್ಖಾನೆಗೆ ಹೋದೆ. ಕಾಲ ಕೆಳಗೆ ರಬ್ಬರ್ ಮ್ಯಾಟ್ ಹಾಕಿಕೊಟ್ಟಿದ್ದಾರೆ. ಗಂಟೆಗೊಂದು ಸಲ ಕೂತು ಕಾಲು ಆಡಿಸೋಕೆ ಸ್ಟೂಲೂ ಇದೆ. ನೋವಿದೆ. ಮೊದಲಿನಷ್ಟಿಲ್ಲ. ಮೆಟ್ಟಿಲಿಗೆ ಈಗ ಹೆದರಲ್ಲ.

ಮೆಷಿನ್ ಮುಂದೆ ನಿಂತಿದ್ದೀನಿ, ನಾನು ಕೇಳಿಕೊಂಡಿದ್ದು ಅದೇ. ಆದರೆ ಒಂದೊಂದು ಕಾಲುಚೀಲದ ತುದಿ ಮುಚ್ಚುವಾಗಲೂ ಇದು ಯಾರ ಅಮ್ಮನ ಕಾಲಿಗೆ ಹೋಗುತ್ತೋ ಅನ್ನಿಸುತ್ತೆ. ಪಕ್ಕದ ಮೆಷಿನ್ನಿನವಳು "ಏನಕ್ಕ, ಕೈ ನಿಧಾನ ಆಯ್ತು" ಅಂದಳು. ವಯಸ್ಸಾಯ್ತು ಕಣೆ ಅಂದೆ.

ಮನೆಯಲ್ಲಿ ಕಡ್ಡಿ ಮುಟ್ಟಿಲ್ಲ. ಅಮ್ಮನಿಗೆ ನನ್ನ ವಿಷಯ ಸರಿಯಾಗೇ ಗೊತ್ತಿತ್ತು.

ಒಂದು ಕೇಳ್ತೀನಿ. ಅವತ್ತು ಹಾಕಿದ್ದು ಯಾವುದು? ಕಂದು ಬಣ್ಣದ್ದಾ, ಬೂದಿ ಬಣ್ಣದ್ದಾ? ಅದು ಎಲ್ಲಿದೆ? ಇದ್ದರೆ ಕಳಿಸು.

ಅಕ್ಕ


ಅಕ್ಟೋಬರ್ ೨೫, ಶನಿವಾರ

ಅಕ್ಕನಿಗೆ,

ಸಂಜೆ ಐದು ಗಂಟೆ. ಇವತ್ತು ಅರ್ಧ ದಿನವೇ ಕೆಲಸ. ಟವೆಲುಗಳು ಮಾತ್ರ ಬಂದಿದ್ದವು. ಮನೆಗೆ ಬರುವ ದಾರಿಯಲ್ಲಿ ಡ್ರಿಲ್ ಮೇಡಂ ಸಿಕ್ಕಿದರು. ನಿನ್ನ ವಿಷಯ ಹೇಳಿದೆ. "ಒಳ್ಳೆಯದಾಯ್ತು, ಬಿಡಬಾರದು ಅಂತ ಹೇಳಿ. ಚೆನ್ನಾಗಾಯ್ತು ಅಂತ ನಿಲ್ಲಿಸಿದವರೇ ಮತ್ತೆ ಬರೋದು" ಅಂದರು. ಅಮ್ಮನ ಬಗ್ಗೆ ಏನೋ ಹೇಳಲು ಹೋಗಿ ನನ್ನ ಮುಖ ನೋಡಿ, ಹೊತ್ತಾಯಿತು ಎಂದು ಹೊರಟರು.

ಬೂದಿ ಬಣ್ಣದ್ದು.

ಆಸ್ಪತ್ರೆಯವರು ಅಮ್ಮನ ಬಳೆ, ಸೀರೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಬಳೆ ನಿನ್ನ ಹತ್ತಿರ ಇದೆ. ಕಾಲುಚೀಲ ಕಪಾಟಿನ ಕೆಳಗಿನ ಅರೆಯಲ್ಲಿದೆ. ಊರಿನವರ ಬಟ್ಟೆಯನ್ನೆಲ್ಲ ಒಗೆಯುವ ಜಾಗದಲ್ಲಿ ದುಡಿಯುವವಳು ನಾನು. ಅದನ್ನು ಮಾತ್ರ ಒಗೆದಿಲ್ಲ. ಅಂಗಾಲಿನ ಹತ್ತಿರ ನೆಲದ ಧೂಳು ಹಾಗೇ ಇದೆ. ನಿನ್ನ ಹೆಣಿಗೆಯ ಒಂದು ಎಳೆಯೂ ಸಡಿಲವಾಗಿಲ್ಲ. ಅಷ್ಟು ಗಟ್ಟಿಯಾಗಿ ಹೆಣೆದಿದ್ದೀಯ.

ನೀನು ವಾಪಸ್ ತೆಗೆದುಕೊಳ್ಳದ ಮಾತು ಇಲ್ಲಿಯೇ ಇದೆ. ಇರಲಿ ಎಂದು ನಾನು ಹೇಳುವುದಿಲ್ಲ. ಭಾರವೆಂದು ನಿನಗೆ ಈಗ ತಾನೇ ಗೊತ್ತಾಗಿದೆ, ನಾನು ಹದಿನಾರು ತಿಂಗಳಿಂದ ಹೊತ್ತಿದ್ದೇನೆ. ನಿನ್ನ ಮಂಡಿಗೆ ಹೇಳಿಕೊಟ್ಟ ಹಾಗೆ ಇದಕ್ಕೂ ದಿನಕ್ಕಿಷ್ಟು ಎಂದು ಹೇಳಿಕೊಡುವ ಮೇಡಂ ಯಾರಾದರೂ ಇದ್ದರೆ ಚೆನ್ನಾಗಿತ್ತು.

ಎರಡನ್ನೂ ಕಳಿಸುವುದಿಲ್ಲ. ಒಂದನ್ನು ಈ ಕಾಗದದ ಜೊತೆ ಕಟ್ಟಿದ್ದೇನೆ. ಇದು ಹಿಮ್ಮಡಿ ತಿರುಗಿದ್ದಲ್ಲ, ಅದು ಇಲ್ಲೇ ಇದೆ. ತಿರುಗಿದ್ದನ್ನು ಕೊಡುವ ಮನಸ್ಸಿಲ್ಲ, ಇಟ್ಟುಕೊಳ್ಳುವ ಮನಸ್ಸೂ ಇಲ್ಲ. ಬೇಕಾದರೆ ನೀನೇ ಬಂದು ತೆಗೆದುಕೊಂಡು ಹೋಗು. ಈಗ ಮೆಟ್ಟಿಲಿಗೆ ಹೆದರುವುದಿಲ್ಲ ಎಂದು ಬರೆದಿದ್ದೀಯಲ್ಲ. ನಮ್ಮ ಬಾಗಿಲಿಗೆ ಮೂರೇ ಮೆಟ್ಟಿಲು. ಅಮ್ಮನಿಗೆ ಹಾಕಿಸಿದ ಕಂಬಿ ಹಾಗೇ ಇದೆ, ಹಿಡಿದುಕೊಂಡು ಹತ್ತಬಹುದು. ಬಾಗಿಲು ತಟ್ಟು. ಎದ್ದು ಬಂದು ತೆಗೆಯುವವಳು ಅಮ್ಮನಲ್ಲ, ಅಷ್ಟು ನೆನಪಿರಲಿ.

ಪೊಟ್ಟಣ ಕಟ್ಟಿ, ವಿಳಾಸ ಬರೆದು ಮೇಜಿನ ಮೇಲಿಟ್ಟಿದ್ದೇನೆ. ನಾಳೆ ಭಾನುವಾರ, ಅಂಚೆ ಕಚೇರಿ ತೆರೆಯುವುದಿಲ್ಲ.

ಗುಬ್ಬಿ